ಎಂಟು ಕಳೆದು

ಚಪ್ಪಲಿ ಜಾರುತ್ತದೆಂದು ಕೆಳಗೇ ಬಿಟ್ಟು
ಸೊಸೈಟಿಯ ಮಾಡು ಹತ್ತಿದ್ದೆ.
ಫೆಬ್ರವರಿಯ ತಗಡು ಅಂಗಾಲನ್ನು ಓದುತ್ತಿತ್ತು.
ಊಟದ ತಟ್ಟೆಯಷ್ಟಗಲದ ಬಿಳಿ ಆಂಟೆನಾ,
ಹುಲ್ಕೋಡು ಗುಡ್ಡದ ಟವರಿಗೆ ಅದರ ಮುಖ ತಿರುಗಿಸಿ
ಎರಡು ಬೆರಳು ಎಡಕ್ಕೆ, ಕೂದಲೆಳೆ ಬಲಕ್ಕೆ.
ಕೆಳಗಿಂದ ಕೆರಿಯಪ್ಪ: "ಬಂತಾ?"
"ಮೈನಸ್ ಅರವತ್ತೊಂದು."
"ಮೈನಸ್ಸಾ? ಹಂಗಾರೆ ಇನ್ನೂ ಸಾಲ್ದಲ್ಲ ಮಾರಾಯ."
ಇದು ಒಳ್ಳೆಯ ಮೈನಸ್ಸು ಎಂದು ಬಿಡಿಸಿ ಹೇಳುವಷ್ಟು ತಾಳ್ಮೆ
ಅಂಗಾಲಿಗೆ ಇರಲಿಲ್ಲ.

ಒಳಗೆ ಅಕ್ಕಿಚೀಲದ ಮೇಲೆ ಲ್ಯಾಪ್‌ಟಾಪು.
ಹೊರಗೆ ಸಾಲು. ಸಾಲೆಂದರೆ
ಒಂದು ಚೀಲ, ಒಂದು ಕಲ್ಲು, ಮುರಿದ ಕೊಡೆ, ಇನ್ನೊಂದು ಚೀಲ;
ಅವುಗಳ ಜನ ಹಲಸಿನ ನೆರಳಲ್ಲಿ.
ಹೆಬ್ಬೆಟ್ಟಿನ ಯಂತ್ರ ಮೂಕಾಗಿ ಮೂರು ದಿನ.

ನೂರ ತೊಂಬತ್ತೆರಡು, ಚುಕ್ಕೆ, ನೂರ ಅರವತ್ತೆಂಟು,
ಚುಕ್ಕೆ, ಒಂದು, ಚುಕ್ಕೆ, ಒಂದು.
"ಅದೇನು, ಸರ್ವೆ ನಂಬರ್ರಾ?"
ಹಾಗೇ ಅಂದ್ಕೊಳ್ಳಿ ಅಂದೆ.
ಬ್ರಿಡ್ಜ್ ಎಂದಿದ್ದನ್ನು ರೂಟರ್ ಮಾಡಿ
ಕೆಳಗಿನ ಖಾನೆಯಲ್ಲಿ ಪಿಪಿಪಿಒಇ ಆರಿಸಿದೆ.
ಜಾತ್ರೆಯೂ ಇಲ್ಲ ಏನೂ ಇಲ್ಲ, ಸುಮ್ಮನೆ
ಮಗು ಪೀಪಿ ಊದಿದ ಹಾಗಿದೆ ಹೆಸರು.

ಅದರ ಕೆಲಸ ಮಾತ್ರ ತುಂಬ ಹಳೆಯದು.
ಮೊದಲು ಕತ್ತಲಿಗೆ ಕೂಗುತ್ತದೆ, ಯಾರಾದರೂ ಇದ್ದೀರಾ ಎಂದು,
ಯಾರ ಹೆಸರೂ ಹಿಡಿಯದೆ.
ಗುಡ್ಡದಾಚೆಯಿಂದ ಒಂದು ದನಿ: ನಾನಿದ್ದೇನೆ.
ಹಾಗಾದರೆ ನನ್ನ ಒಳಗೆ ತಗೋ.
ತಗೊಂಡೆ, ಇದು ನಿನ್ನ ನಂಬರು.
ಅಷ್ಟೆಲ್ಲ ಆದ ಮೇಲೆ, ಹೊಸ್ತಿಲಲ್ಲಿ ನಿಲ್ಲಿಸಿ,
ಹೆಸರು? ಗುಟ್ಟು?

ಗುಟ್ಟನ್ನು ಕೆರಿಯಪ್ಪನೇ ಹಲಸಿನ ಮರದವರೆಗೆ ಕೇಳುವಂತೆ ಹೇಳಿದ,
ಹೆಂಡತಿಯ ಹೆಸರು, ಮದುವೆಯ ಇಸವಿ.
ವಿಫಲ.
ದೊಡ್ಡಕ್ಷರ ಚಿಕ್ಕದು ಮಾಡಿದೆ. ವಿಫಲ.
ಫೋನು ಹಿಡಿಯುವುದು ಡೈರಿಯ ಕಟ್ಟೆಯ ಮೇಲೆ ಮಾತ್ರ.
ಅಲ್ಲಿ ನಿಂತು ಸಾಗರದ ಆಫೀಸಿಗೆ ಮಾಡಿದರೆ
ಮುಬೀನಾ ಒಂದೊಂದೇ ಅಕ್ಷರ ಓದಿದಳು:
ಕೆ, ಇ, ಆರ್, ಐ, ವೈ, ಎ, ಪಿ, ಎ.
ಒಂದೇ ಪಿ? ಒಂದೇ.
"ನಮ್ ರಿಜಿಸ್ಟರಲ್ಲಿ ಅವ್ರಿಗೆ ಒತ್ತಿಲ್ಲ."

ಕೆರಿಯಪ ಎಂದು ಬರೆದೆ.
ಕೆಂಪು ದೀಪ ಹಸಿರಾಯಿತು.
"ಅದು ನಾನಲ್ಲವಲ್ಲ" ಎಂದ, ಪೆಚ್ಚಾಗಿ.
ನೆರಳಿನಿಂದ ಬಂಗಾರಮ್ಮ:
"ನನ್ ಕಾರ್ಡಲ್ಲಿ ಬಂಗರಮ್ಮ ಅಂತೈತೆ.
ಹದಿನಾಕು ವರ್ಷಾತು, ದೀರ್ಘ ಕಳ್ಕಂಡೇ ಉಣ್ತಿದೀನಿ."

ಆದರೂ ಅರ್ಧ ಪುಟ ಬಂದು ನಿಂತುಬಿಟ್ಟಿತು.
ಗೊತ್ತಿದ್ದ ಕಾಯಿಲೆ. ಸಾವಿರದೈನೂರು ಇದ್ದಲ್ಲಿ
ಸಾವಿರದ ನಾನೂರ ತೊಂಬತ್ತೆರಡು ಎಂದು ತಿದ್ದಿದೆ.
"ಎಂಟು ಎಲ್ಲಿಗೋತು?"
ಲೆಕ್ಕ ಅಂದರೆ ಅವನ ಕಣ್ಣು ಎಚ್ಚರ.
ಮೇಲಿನ ಹೊದಿಕೆಗೆ ಅಂದೆ. ಒಳಗಿನ ಮಾಲು ಅಷ್ಟು ಕಮ್ಮಿ
ತುಂಬಿದರೇ ಬಾಗಿಲಲ್ಲಿ ಹಿಡಿಸುವುದು.
"ಗೋಣಿ ತೂಕ!" ಅಂದರು ಯಾರೋ.
ಸಾಲಿಗೆ ಸಾಲೇ ನಕ್ಕಿತು.
ಕೆರಿಯಪ್ಪ ತಕ್ಕಡಿಯ ಕಡೆ ನೋಡಲಿಲ್ಲ.

ಬಂಗಾರಮ್ಮನದೇ ಮೊದಲ ಸರದಿ. ಮುರಿದ ಕೊಡೆ ಅವಳದು.
ಹೆಬ್ಬೆರಳು ಸೆರಗಿಗೆ ಒರೆಸಿ ಗಾಜಿನ ಮೇಲಿಟ್ಟಳು.
ಮೂವತ್ತು ವರ್ಷ ಜಂಬಿಟ್ಟಿಗೆ ಹೊತ್ತ ಕೈ;
ಅದರ ಗೆರೆಗಳೆಲ್ಲ ಈಗ ಯಾರ್ಯಾರದೋ ಗೋಡೆಯಲ್ಲಿವೆ.
ಯಂತ್ರ ಗುಡ್ಡದಾಚೆಗೆ ಕೇಳಿತು.
ಕಣ್ಣು ಮಿಟುಕಿಸುವುದರೊಳಗೆ ಉತ್ತರ:
ಹೊಂದಾಣಿಕೆಯಾಗಿಲ್ಲ.
ಇಷ್ಟು ಬೇಗ "ಇಲ್ಲ" ಎಂಬುದು
ಈ ಊರಿಗೆ ಹಿಂದೆ ಬಂದದ್ದಿಲ್ಲ.

ತೋರುಬೆರಳು. ಇಲ್ಲ. ನಡುಬೆರಳು. ಇಲ್ಲ.
ಆ ಪರದೆಯಲ್ಲಿ ನಾನು ತಿದ್ದಬಹುದಾದ ಖಾನೆಯೇ ಇರಲಿಲ್ಲ.
ನನ್ನ ಕೆಲಸ ಮುಗಿದಿತ್ತು, ರಸೀದಿಗೆ ಸಹಿಯೂ ಆಗಿತ್ತು.
ಆದರೆ ಕೈ ಇನ್ನೂ ಆಂಟೆನಾದ ಗುಂಗಿನಲ್ಲಿತ್ತೋ ಏನೋ,
ಅವಳ ಎಡಗೈ ಉಂಗುರಬೆರಳು ಹಿಡಿದು
ಗಾಜಿನ ಮೇಲೆ ಮೆಲ್ಲಗೆ,
ಎರಡು ಗುಲಗಂಜಿ ಎಡಕ್ಕೆ, ಕೂದಲೆಳೆ ಬಲಕ್ಕೆ.
ಹಲಸಿನ ನೆರಳು ಪೂರಾ ಎದ್ದು ಬಾಗಿಲಿಗೆ ಬಂದಿತ್ತು.

"ಬಂತಾ?"