ಒಂದು ಕಾಳು ಮುಂದೆ

ಜೂನ್ ಒಂದಕ್ಕೆ ಬೈತಖೋಲದಲ್ಲಿ
ಪರ್ಸಿನ್ ಬೋಟುಗಳೆಲ್ಲ ಹಗ್ಗ ಬಿಗಿಸಿಕೊಂಡು ನಿಂತವು.
ಅರವತ್ತೊಂದು ದಿನ ರಜೆ,
ಇಂಜಿನಿಗೂ, ಇಂಜಿನಿನ ಪಕ್ಕ ಕೂರುವ ನನಗೂ.
ಉಗುರಿನ ಸಂದಿಯ ಡೀಸೆಲ್ ಹೋಗಲಿಕ್ಕೇ ನಾಲ್ಕು ದಿನ.
ಐದನೆಯ ದಿನ ಅಕ್ಕನ ಮಗಳು ದೀಕ್ಷಾ
ಬಿಸ್ಕೀಟು ಡಬ್ಬಿ ತಂದು ಮಗುಚಿದಳು:
ಹನ್ನೊಂದು ಪ್ಲಾಸ್ಟಿಕ್ ಸಿಪಾಯಿಗಳು, ಒಬ್ಬನಿಗೆ ಕೈಯಿಲ್ಲ.
"ಮಾಮಾ, ಇವರನ್ನ ನಡೆಸು."

ನಡೆಸೂದಂದ್ರೆ ಹೀಗೆ.
ಫೋನನ್ನು ಸ್ಟೂಲಿನ ಕಾಲಿಗೆ ಬಲೆಯ ಹಗ್ಗದಿಂದ ಬಿಗಿ.
ಒಂದು ಫೋಟೊ.
ಸಿಪಾಯಿಯನ್ನು ಕುಚ್ಚಲಕ್ಕಿಯ ಒಂದು ಕಾಳಿನಷ್ಟು ಮುಂದೆ ಸರಿಸು.
ಕೈ ತೆಗೆ. ಉಸಿರು ಬಿಡಬೇಡ.
ಇನ್ನೊಂದು.
ಹನ್ನೆರಡು ಕಾಳಿಗೆ ಒಂದು ಸೆಕೆಂಡು.
ಬೆಳಗಿಂದ ಬೋರಲು ಬಿದ್ದ ನಮ್ಮಿಬ್ಬರನ್ನು ದಾಟಿ ದಾಟಿ
ಸಂಜೆಗೆ ಅಕ್ಕ ಕೇಳಿದಳು, "ಎಷ್ಟಾಯ್ತು?"
"ಎರಡು ಸೆಕೆಂಡು."

ಸಮುದ್ರ ಬೇಕೆಂದಳು ದೀಕ್ಷಾ.
ಕಿಟಕಿಯಾಚೆ ಅಷ್ಟು ದೊಡ್ಡದು ಹೊರಳಾಡುತ್ತಿದೆ, ಆದರೇನು,
ಎರಡು ಫೋಟೊಗಳ ನಡುವೆ ಅದು ಹೇಳಿದಲ್ಲಿ ನಿಲ್ಲುವುದಿಲ್ಲ.
ನೀಲಿ ತಾಡಪಾಲು ಹಾಸಿದೆವು. ಮಡಿಸಿದಲ್ಲಿ ಅಲೆ,
ಮಡಿಕೆಯ ತುದಿಗೆ ಕಲ್ಲುಪ್ಪು, ಅದು ನೊರೆ.
ಮುಳುಗುವವರಿಗಾಗಿ ನಡುವೆ ಬ್ಲೇಡಿನಿಂದ ಒಂದು ಸೀಳು.
ಮೀನು ತುಂಬುವ ಥರ್ಮೊಕೋಲ್ ಪೆಟ್ಟಿಗೆ ಕೆತ್ತಿ ದೇವಗಡ ನಡುಗಡ್ಡೆ;
ಅಂಟಿನ ಡಬ್ಬಿಯೊಳಗೆ ಕೀಚೈನಿನ ಲೈಟು, ಅದೇ ದೀಪಸ್ತಂಭ.
ನಡುಗಡ್ಡೆಗೆ ಇನ್ನೂ ಬಂಗುಡೆಯ ವಾಸನೆ.
ರಾತ್ರಿ ಬೆಕ್ಕು ಬಂದು ಅರ್ಧ ದೇಶ ಉರುಳಿಸಿ
ಕಪ್ತಾನನನ್ನೇ ಕಚ್ಚಿಕೊಂಡು ಹೋಯಿತು.

ಹೊಗೆಗೆ ಹತ್ತಿ, ಎಳೆ ಎಳೆಯಾಗಿ ಹಿಗ್ಗಿಸಿ.
ಬೆಂಕಿಗೆ ಚಾಕಲೇಟಿನ ಕಾಗದ, ಹಿಂದಿನಿಂದ ಟಾರ್ಚು.
ಮಳೆಗೆ ದೇವರ ಫೋಟೊದ ಗಾಜು ಬಿಚ್ಚಿ ನೀರು ಚಿಮುಕಿಸಿದೆವು
(ಎರಡು ದಿನ ದೇವರು ಗಾಜಿಲ್ಲದೆ ಇದ್ದ).
ಬಿರುಗಾಳಿಗೆ ಒಬ್ಬನಾದರೂ ಹಾರಬೇಕು.
ತಂಗೂಸಿನಲ್ಲಿ ನೇತುಹಾಕಿದೆ.
ಮೀನಿಗೆ ಕಾಣದ ದಾರ ಕ್ಯಾಮರಾಕ್ಕೆ ಕಂಡಿತು!
ಮಸಿ ಉಜ್ಜಿದೆ. ಆಗಲೂ ಕಂಡಿತು.
ಕಂಡರೆ ಕಾಣಲಿ.

ಜುಲೈ ನಡುವೆ ಒಂದಿನ ಖೇಮು ತಾಂಡೇಲ ಬಂದ,
ಬಲೆ ಹೆಣೆಯುವ ಸೂಜಿ ಕೇಳಲು. ಕೂತ. ನೋಡಿದ.
ಫೋನಿನಲ್ಲಿ ಆ ಕೈಯಿಲ್ಲದವನು
ಸೋಪು ಡಬ್ಬಿಯ ಅಂಚಿನಿಂದ ಜಾರಿ, ನೀಲಿಯೊಳಗೆ,
ಎದೆ, ಕುತ್ತಿಗೆ, ಆಮೇಲೆ ಟೊಪ್ಪಿ ಮಾತ್ರ.
ಖೇಮು ಏನೂ ಅನ್ನಲಿಲ್ಲ. ಚಾ ಆರಿತು.
"ಹಿಂದಕ್ಕೆ ಓಡಿಸಲಿಕ್ಕೆ ಬರ್ತದಾ?"
ದೀಕ್ಷಾ ಓಡಿಸಿದಳು.
ಟೊಪ್ಪಿ, ಕುತ್ತಿಗೆ, ಎದೆ. ಎದ್ದು ಬಂದು ಬೋಟಿನಲ್ಲಿ ನಿಂತ.
"ಮತ್ತೊಂದು ಸಲ."
ಮತ್ತೊಂದು ಸಲ ನೋಡಿ ತಲೆಯಾಡಿಸಿದ:
"ಅಲೆಯೂ ಹಿಂದಕ್ಕೇ ಹೋಗ್ತದಲ್ಲ. ಹಾಗೆ ಆಗೂದಿಲ್ಲ."
ಸೂಜಿ ಮರೆತು ಹೋದ.

ಮರುದಿನ ಅದೇ ಸೂಜಿಯ ನೆವದಲ್ಲಿ ಬಂದ.
ಅಲೆ ಅವನೇ ಮಡಿಸಿದ, ನೈಋತ್ಯದಿಂದ ದಡದ ಕಡೆಗೆ,
ಒಂದೊಂದೇ ಮಡಿಕೆ ಮುಂದೆ;
ಸಿಪಾಯಿಯನ್ನು ನಾನು ಒಂದೊಂದೇ ಕಾಳು ಮೇಲಕ್ಕೆ.
ನಾಲ್ಕು ದಿನ. ಸಿಕ್ಕಿದ್ದು ಆರು ಸೆಕೆಂಡು.
ಒಂದು ಫೋಟೊದಲ್ಲಿ ಅವನ ಹೆಬ್ಬೆರಳು ಉಳಿದುಬಿಟ್ಟಿದೆ,
ಹಗ್ಗ ಕೊಯ್ದ ಗಾಯದ ಗೆರೆ ಸಮೇತ, ಸಿಪಾಯಿಗಿಂತ ದೊಡ್ಡದು.
ಅಳಿಸ್ಲಾ ಅಂದಳು ದೀಕ್ಷಾ.
ಯಾರೂ ಉತ್ತರ ಕೊಡಲಿಲ್ಲ, ಉಳಿಯಿತು,
ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು.

ಆಗಸ್ಟ್ ಒಂದರ ಮುಂಜಾವದಲ್ಲಿ ಹೊರಟೆವು.
ಒಟ್ಟು ಐವತ್ತೆರಡು ಸೆಕೆಂಡು, ನನ್ನ ಜೇಬಿನಲ್ಲಿ.
ದೇವಗಡದ ದೀಪ ದಾಟುವಾಗ, ನಿಜವಾದ್ದು,
ಇಷ್ಟು ದೂರಕ್ಕೆ ಅಂಟಿನ ಡಬ್ಬಿಯಷ್ಟೇ ಎತ್ತರ,
ಖೇಮು ಮೇಲಿಂದ ಬಾಗಿ ಕೇಳಿದ:
"ಆ ಬಿದ್ದವನ ಹೆಸರೇನು?"
"ಇನ್ನೂ ಇಟ್ಟಿಲ್ಲ."
"ಇಡಬೇಡಿ," ಅಂದ.
ಚುಕ್ಕಾಣಿ ತಿರುಗಿಸಿದ. ಕೆಳಗೆ ಇಂಜಿನು
ಎರಡು ಸಲ ಕೆಮ್ಮಿ, ಸರಿಹೋಯಿತು.