ಒಂದು ನಿಮಿಷಕ್ಕೆ ಎಂಟು ಕಡ್ಡಿ

ಲ್ಯಾಬಿನಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ.
ಕುಕ್ಕರಹಳ್ಳಿ ಕೆರೆಯ ಕಡೆ ಕಿಟಕಿಯಿದ್ದ ಮೇಜಿನ ಮೇಲೆ
ನಿರ್ವಾಣಸ್ವಾಮಿಯ ಬೆರಳು, ಮೇಡಮ್ಮಿನ ಬೆರಳು,
ಕಸ ಗುಡಿಸಲು ಬಂದ ಹುಡುಗನನ್ನೂ ಕೂರಿಸಿ ಅವನ ಬೆರಳು,
ಸೂಜಿ ಚುಚ್ಚದೆ, ಒಂದು ತೊಟ್ಟೂ ಕೇಳದೆ
ಉಗುರಿನ ಹಿಂದಿನ ರಕ್ತಕ್ಕೆ ಕೆಂಪು ಬೆಳಕು ಬಿಟ್ಟು
ಎಷ್ಟಿದೆಯೆಂದು ಹೇಳುತ್ತಿತ್ತು.
ನನ್ನದು ಹತ್ತೂವರೆ ಎಂದಾಗ ಎಲ್ಲರೂ ನಕ್ಕರು:
ಹಾಸ್ಟೆಲ್ಲಿನ ಸಾರು ಎಷ್ಟು ತೆಳುವೆಂದು ಕೊನೆಗೂ ಸಾಬೀತಾಯಿತು.

ಕೆಸರೆಯಲ್ಲಿ, ಚರಂಡಿ ದಾಟಿ ಒಳಗೆ ಹೋದರೆ,
ರಾಚಮ್ಮನ ಬೆರಳು ಇಟ್ಟೊಡನೆ
ಪರದೆಯಲ್ಲಿ ಎರಡು ಗೆರೆ. ಬರೀ ಗೆರೆ.
ಬ್ಯಾಟರಿ ನೋಡಿದೆ. ತಂತಿ ನೋಡಿದೆ.
ಆಮೇಲೆ ಬೆರಳು ನೋಡಿದೆ.

ಇಪ್ಪತ್ತಾರು ವರ್ಷದ ಇದ್ದಿಲು.
ಜಿಗಟು, ಇದ್ದಿಲ ಪುಡಿ, ನೀರು ಕಲಸಿದ ಹಿಟ್ಟು
ಮಣೆಯ ಮೇಲೆ ಬಿದಿರು ಕಡ್ಡಿಗೆ ಹೊಸೆದು ಹೊಸೆದು
ಅಂಗೈ ಗೆರೆಗಳಿಗೆ ಇಳಿದು, ಉಗುರಿನ ಅಂಚಿಗೆ ಕೂತು
ಇನ್ನು ತಾನೇ ಚರ್ಮವೆಂದು ನಂಬಿಬಿಟ್ಟ ಕಪ್ಪು.
ಸೋಪು ಹಾಕಿದಳು. ಹುಣಸೆಹಣ್ಣು ಹಾಕಿ ಉಜ್ಜಿದಳು.
ನಾವು ತಂದ ಸ್ಪಿರಿಟ್ಟಿನ ಹತ್ತಿ
ಉಂಡೆಯುಂಡೆಯಾಗಿ ಕಪ್ಪಾಗಿ ಬಟ್ಟಲಿಗೆ ಬಿತ್ತು.
ಬೆಳಕು ಒಳಗೆ ಹೋಗಲೇ ಇಲ್ಲ.

"ಆಯ್ತಾ?"
"ಇನ್ನೊಂದೇ ನಿಮಿಷ, ಅಮ್ಮ."
"ನಿನ್ನ ಒಂದು ನಿಮಿಷ ನಂಗೆ ಎಂಟು ಕಡ್ಡಿ ಕಣವ್ವ.
ಲೆಕ್ಕ ಹಾಕು. ಇಲ್ಲೀಗಂಟ
ನೂರರವತ್ತು ಕಡ್ಡಿ ತಿಂದದೆ ನಿನ್ನ ಮಿಷನ್ನು."

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟಿರಲಿ ಎಂದು
ಶಾಯಿ ಪ್ಯಾಡು ತೆಗೆದಿದ್ದ ನಿರ್ವಾಣಸ್ವಾಮಿಯತ್ತ
ಪೆನ್ನು ಕೊಡು ಎಂದು ಕೈ ಚಾಚಿದಳು.
ರಾ. ಚ. ಮ್ಮ. ಒತ್ತಕ್ಷರಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.
ಕಾಗದ ಒತ್ತಿ ಹಿಡಿದಿದ್ದ ಎಡ ಅಂಚಿನಲ್ಲಿ
ಯಾರೂ ಕೇಳದೆಯೂ ಬಿದ್ದಿತ್ತು ಹೆಬ್ಬೆಟ್ಟು,
ಶಾಯಿಯಿಲ್ಲದೆ, ಅಚ್ಚುಕಟ್ಟಾಗಿ.

ಆ ರಾತ್ರಿ ಮೇಡಂ, ಬೆಳಕು ಜೋರು ಮಾಡೋಣ ಎಂದರು.
ಮಾಡಿದೆವು. ಬೆರಳು ಬೆಚ್ಚಗಾಯಿತು, ಅಂಕಿ ಬರಲಿಲ್ಲ.
ಪಟ್ಟಿಯಿಂದ ಬಿಡೋಣ ಎಂದ ನಿರ್ವಾಣಸ್ವಾಮಿ,
'ಅಳತೆಗೆ ಅನರ್ಹ' ಎಂಬ ಕಲಂ ಇದೆಯಲ್ಲ.
ಇತ್ತು. ನಾನೇ ಹಾಕಿದ್ದೆ ಆ ಕಲಂ.
ಬೀದಿಯ ಮೂವತ್ತೊಂದು ಹೆಂಗಸರಲ್ಲಿ
ಇಪ್ಪತ್ತೇಳು ಹೆಸರು ಅದರೊಳಗೆ ಹೋಗಿ ಕೂತವು.

ಮೂರನೇ ಸಲ ಹೋದಾಗ ರಾಚಮ್ಮ ತಲೆ ಎತ್ತಲಿಲ್ಲ.
ಪಕ್ಕದಲ್ಲಿ ಮುಬೀನ್ ತಾಜ್ ಕಟ್ಟು ಎಣಿಸುತ್ತಿದ್ದಳು.
"ಬೆರಳು ಬುಡು. ಕಿವಿಗೆ ಹಾಕು.
ಓಲೆ ಹೆಂಗೂ ಅಡವಿನಂಗಡೀಲಿ ಕೂತವೆ,
ಯುಗಾದಿಯಿಂದ ಖಾಲಿ ಬಿದ್ದದೆ ಜಾಗ."
ಮುಬೀನ್ ನಕ್ಕಳು. ಎಣಿಕೆ ತಪ್ಪಿತು.

ಕಿವಿಹಾಲೆ. ತೆಳು. ಇದ್ದಿಲು ಏರದ ಚರ್ಮ.
ತೂತಿನ ಸುತ್ತ ಓಲೆಯಷ್ಟೇ ಅಗಲದ ತಿಳಿಬಣ್ಣ.
ಪುಸ್ತಕದಲ್ಲಿ ಇತ್ತು, ಕಿವಿಗೂ ಹಾಕಬಹುದೆಂದು;
ಬೆರಳು ಸುಲಭವೆಂದು ಆ ಪುಟ ಮಗುಚಿದ್ದೆವು.

"ಭಾರ ಇರಬಾರ್ದು. ಕುಂಯ್ ಅನ್ನಬಾರ್ದು, ಮೊಮ್ಮಗ ಮಲಗವ್ನೆ.
ಚಿನ್ನದ ಬಣ್ಣ ಬಳೀಬೇಡ ಮತ್ತೆ,
ಬಿಡಿಸ್ಕೊಂಡ್ಳು ಅನ್ಕತಾರೆ."

ಬೂದು ಪ್ಲಾಸ್ಟಿಕ್ಕಿನಲ್ಲಿ,
ಬಟ್ಟೆ ಒಣಹಾಕುವ ಕ್ಲಿಪ್ಪಿನ ಸ್ಪ್ರಿಂಗು ಸಡಿಲಿಸಿ ಕೂರಿಸಿ
ಆಷಾಢದಲ್ಲಿ ತಂದೆವು.
ಹಾಕಿಸಿಕೊಂಡಳು. ಕೈ ನಿಲ್ಲಲಿಲ್ಲ.
ಆರು, ಏಳು, ಎಂಟನೇ ಕಡ್ಡಿ ಹೊಸೆಯುವಷ್ಟರಲ್ಲಿ
ಗೆರೆ ಅಳಿಸಿ ಅಂಕಿ ಬಂತು:
ಏಳು ಪಾಯಿಂಟ್ ನಾಲ್ಕು.

"ಜಾಸ್ತಿಯಾ, ಕಮ್ಮಿಯಾ?"
ಕಮ್ಮಿ ಎಂದೆ. ತುಂಬಾ.
"ಅದ್ಕೇ ಮೆಟ್ಟಿಲು ಹತ್ತಿದ್ರೆ ಎದೆ ಹೊಡ್ಕಳದು,"
ಮುಬೀನ್‌ಗೆ ಹೇಳಿದಳು, ನನಗಲ್ಲ.
ನಾಳೆಯೇ ಆಸ್ಪತ್ರೆಗೆ ಬನ್ನಿ ಎಂದೆ.
ಅಲ್ಲಿನ ಕ್ಯೂ ಎಷ್ಟು ಕಡ್ಡಿ ಎಂದು ಕೇಳಿದಳು.
ನನ್ನ ಹತ್ತಿರ ಆ ಲೆಕ್ಕವಿರಲಿಲ್ಲ.

ಕ್ಲಿಪ್ಪು ತೆಗೆದು ಕೊಟ್ಟಳು,
ಅದರ ಮೇಲೀಗ ಎರಡು ಕಪ್ಪು ಬೆರಳು.
"ಅಲ್ಲ ಕಣವ್ವ, ದೀಪಾವಳಿಗೆ
ಓಲೆ ಬಿಡಿಸ್ಕೊಂಬುಟ್ರೆ ಆಗೆಲ್ಲಿಗೆ ಹಾಕೀಯೆ?"

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ,
'ಮುಂದಿನ ವಿನ್ಯಾಸ' ಎಂಬ ತಲೆಬರಹದ ಕೆಳಗೆ,
ಮೊದಲನೇ ಸಾಲಿನಲ್ಲಿ.