ಐದು ಪಾಲು

ಹಾಸಿಗೆಗಿಂತ ಮೊದಲು ದ್ರಾಗಿತ್ಸಾ
ನಮ್ಮ ಕಾಲು ಅಳೆದಳು:
ಕಾರಿನ ಕಂತು, ಸೆಮಿಸಿಯ ಚರ್ಚಿನ ಕಾಣಿಕೆ,
ಟೋಂಗಾದ ಅತ್ತೆಗೆ ತಿಂಗಳಿಗೆ ಇನ್ನೂರು,
ಉಜ್ಜದೆ ಡ್ರಾಯರಿನಲ್ಲಿ ಬಿದ್ದ ಕ್ರೆಡಿಟ್ ಕಾರ್ಡಿನ
ಮಿತಿಯೂ ಸಾಲವೇ ಅಂತೆ.
'ಮಕ್ಕಳು?' ಅಂದಳು.
ನಾನು ಕೋಟಿನ ಗುಂಡಿ ಹಾಕಿಕೊಂಡೆ.

ಜಿಲಾಂಗಿನ ಅಂಚಿನಲ್ಲಿ, ನಾರ್ಲೇನಿನಲ್ಲಿ
ಮರದ ಹಲಗೆಯ ಹಳೇ ಮನೆ.
ನೂರಕ್ಕೆ ತೊಂಬತ್ತೈದು ಬ್ಯಾಂಕಿನದು.
ಐದು ನಮ್ಮದು, ಏಳು ವರ್ಷದ ರಾತ್ರಿಪಾಳಿ.
ಮೇಲೆ ವಿಮೆ, ಹದಿನೇಳು ಸಾವಿರ ಡಾಲರು;
ಅದನ್ನೂ ಸಾಲಕ್ಕೇ ಸೇರಿಸಬಹುದು,
ಬಡ್ಡಿಯೂ ಅದರ ಹಿಂದೆಯೇ ನಡೆದು ಬರುತ್ತದೆ.

'ಕೆಲಸ ಹೋದರೆ ಇದು ನಮ್ಮನ್ನು ಕಾಯುತ್ತದಲ್ಲ?'
ಸೆಮಿಸಿ ಕೇಳಿದ.
ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.
'ಇಲ್ಲ. ಬ್ಯಾಂಕನ್ನು.
ಬ್ಯಾಂಕಿಗೆ ತುಂಬಿಕೊಟ್ಟು
ವಿಮೆಯವರು ನಿಮ್ಮ ಬಾಗಿಲಿಗೆ ಬರುತ್ತಾರೆ.'
ಬಾಗಿಲಾದರೂ ಆಗ ಯಾರದೋ.

ಸಹಿ ಮಾಡಿದೆವು.

ಕೀಲಿಕೈ ಸಿಕ್ಕ ಸಂಜೆ ಅವನು ಟೇಪು ಹಿಡಿದ.
ಮನೆ ನೂರಾ ಹನ್ನೆರಡು ಚದರ ಮೀಟರು,
ನಮ್ಮ ಪಾಲು ಐದೂವರೆಗೆ ಚೂರು ಹೆಚ್ಚು:
ಸರಿಯಾಗಿ, ಬಟ್ಟೆ ಒಗೆಯುವ ಕೋಣೆ!
ಅಡುಗೆಮನೆ ಅವರದು, ಮಂಚದಡಿಯ ನೆಲ ಅವರದು,
ಕಿಟಕಿಗೆ ಬಂದ ನಿಂಬೆಮರದ ನೆರಳನ್ನು
ಯಾರೂ ಕೇಳಿರಲಿಲ್ಲ.

ಅಲ್ಲೇ ಮೆಷಿನ್ನಿಗೆ ಒರಗಿ
ಕಾಗದದಲ್ಲೇ ಮೀನು, ಆಲೂಗಡ್ಡೆ ತಿಂದೆವು.
ಆಗ ಹೇಳಿದೆ, ಗುಂಡಿ ಬಿಚ್ಚಿ.
ಅವನು ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ ಎಣ್ಣೆಗೈಯಲ್ಲೇ ಟೇಪು ಎಳೆದ,
ತೊಟ್ಟಿಲು ಹಿಡಿಸುತ್ತದಾ
ನಮ್ಮ ಕಡೆ.